ಕೊರಿಯಾದ ಗೆಣಸಿನ ರೊಟ್ಟಿಯೂ ಜಗಳೂರಿನ ನಮ್ಮತ್ತೆಯೂ

ನಮ್ಮ ಮನೇಲಿ ಯಾವ ಕೆಲಸನೂ ಸುಮ್ನೆ ಆಗಲ್ಲ. ಬೇರೆಯವರ ಮನೇಲಿ ಹಾಲು ಉಕ್ಕಿದ್ರೆ ಒರೆಸಿ ಮುಂದಿನ ಕೆಲಸ ನೋಡ್ಕೋತಾರೆ. ನಮ್ಮಲ್ಲಿ ಹಾಲು ಉಕ್ಕಿದ್ರೆ ಯಾಕೆ ಉಕ್ತು, ಯಾರು ನೋಡಬೇಕಿತ್ತು, ನೋಡಬೇಕಾದವರು ಏನು ನೋಡ್ತಿದ್ರು ಅಂತ ಸಂಜೆ ತನಕ ವಿಚಾರಣೆ. ವಿಚಾರಣೆ ಮಾಡೋರು ನಮ್ಮತ್ತೆ. ತಪ್ಪಿತಸ್ಥೆ ಯಾವಾಗಲೂ ನಾನೇ. ಸಾಕ್ಷಿ ಹೇಳಬೇಕಾದ ನನ್ನ ಗಂಡ ಅಷ್ಟೊತ್ತಿಗೆ ಗೊಬ್ಬರದ ಅಂಗಡಿ ಬಾಗಿಲು ತೆಗೆಯಾಕೆ ಹೋಗಿರ್ತಾರೆ.

ನಾನು ಹೊನ್ನಾಳೀಲಿ ಬ್ಲೌಸ್ ಹೊಲಿಯೋಳು. ಮನೆಯ ಮುಂದಿನ ಕೋಣೇನೇ ಅಂಗಡಿ. ಮಿಷನ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಐತೆ, ಅದು ನಮ್ಮತ್ತೆಯ ಸಿಂಹಾಸನ. ಜಗಳೂರು ಕಡೆಯ ಹೆಣ್ಣುಮಗಳು. ಮಾತು ಅಂದ್ರೆ ಮಾತೇ, ಸುತ್ತಿ ಬಳಸಿ ಹೇಳೋ ಅಭ್ಯಾಸ ಇಲ್ಲ. ಅಳತೆ ಕೊಡಾಕೆ ಬಂದ ಗಿರಾಕಿಗೆ, "ಹೋದ ದೀಪಾವಳಿಗಿಂತ ಉಬ್ಬೀಯಲ್ಲೇ, ಬಟ್ಟೆ ಸಾಲ್ತೈತೇನು?" ಅಂತ ಕೇಳಿಬಿಡ್ತಾರೆ. ನಾನು ಸೊಸೆಯಾಗಿ ಬಂದಾಗಿಂದ ನನ್ನ ಅಡುಗೇನ ಅವರು ಒಂದೇ ಒಂದು ಸಲ "ಚೆನ್ನಾಗೈತೆ" ಅಂದಿಲ್ಲ. ಉಪ್ಪು ಕಮ್ಮಿ ಅಂತಾರೆ. ಉಪ್ಪು ಸರಿ ಇದ್ರೆ ಖಾರ ಜಾಸ್ತಿ ಅಂತಾರೆ. ಎರಡೂ ಸರಿ ಇದ್ದ ದಿನ ತಟ್ಟೆ ತೊಳೆದಿಲ್ಲ ಅಂತಾರೆ.

ಇಂಥವರ ಮುಂದೆ ನಾನು ಕೊರಿಯಾ ದೇಶದ ತಿಂಡಿ ಮಾಡಾಕೆ ಹೋದೆ. ನನ್ನ ಧೈರ್ಯಕ್ಕೆ ನಾನೇ ಕೈ ಮುಗೀಬೇಕು.

ಕೈ ಮಾತ್ರ ಇರೋ ಹೆಂಗಸು

ನಾನು ಫಾಲ್ಸ್ ಹೊಲಿಯುವಾಗ ಫೋನನ್ನ ದಾರದ ಡಬ್ಬಕ್ಕೆ ಒರಗಿಸಿ ಇಟ್ಟಿರ್ತೀನಿ. ಒಂದು ದಿನ ಅದರಷ್ಟಕ್ಕೆ ಅದು ಒಂದು ಅಡುಗೆ ವಿಡಿಯೋಗೆ ಹೋಯ್ತು. ಕೊರಿಯಾದ ಹೆಂಗಸು. ಮುಖ ಇಲ್ಲ, ಮಾತಿಲ್ಲ. ಬರೀ ಎರಡು ಕೈ ಕಾಣ್ತಾವೆ. ಗೆಣಸು ಬೇಯಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಕಿವುಚಿ, ಚೂರು ಉಪ್ಪು, ಚೂರು ಸಕ್ಕರೆ, ಒಂದಿಷ್ಟು ಅಕ್ಕಿಹಿಟ್ಟು ಹಾಕಿ ಕಲಸಿದ್ಲು. ಉಂಡೆ ಮಾಡಿ ಅಂಗೈಯಲ್ಲಿ ತಟ್ಟಿ, ಕಾವಲಿಗೆ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿದ್ಲು. ಅಷ್ಟೆ. ಹೊಂಬಣ್ಣ ಬಂದು ಎಷ್ಟು ಚೆಂದ ಕಂಡವು ಅಂದ್ರೆ, ನಾನು ಫಾಲ್ಸ್ ಬಿಟ್ಟು ಸೀರೆ ಸೆರಗಿಗೇ ಹೊಲಿಗೆ ಹಾಕಿಬಿಟ್ಟಿದ್ದೆ.

ಅತ್ತೆ ಕುರ್ಚಿಯಿಂದಲೇ ಬಗ್ಗಿ ನೋಡಿದ್ರು. "ಏನೇ ಅದು?"

"ಕೊರಿಯಾದ ಗೆಣಸಿನ ರೊಟ್ಟಿ ಅತ್ತೆ. ಭಾಳ ಸುಲಭ. ನಾಳೆ ಮಾಡ್ತೀನಿ."

"ಮುಖ ತೋರಿಸಾಕೆ ನಾಚ್ಕೊಳ್ಳೋಳು ಮಾಡಿದ ಅಡುಗೇನ ನಂಬ್ತಾರೇನೇ?"

"ಕೈಯಲ್ಲಿ ಕೆಲಸ ಐತಲ್ಲ ಅತ್ತೆ, ಮುಖ ಯಾಕೆ ಬೇಕು?"

ಅತ್ತೆ ಮತ್ತೊಂದು ಸಲ ಕನ್ನಡಕ ಸರಿ ಮಾಡ್ಕೊಂಡು ಪೂರ್ತಿ ವಿಡಿಯೋ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ ಅಂದ್ರು: "ಹೌದು ಬಿಡು. ಅವಳಿಗೆ ಕೈ ಐತೆ, ಬಾಯಿ ಇಲ್ಲ. ದೇವರು ನಿನ್ನ ಮಾಡುವಾಗ ಅದನ್ನ ತಿರುಗಾ ಮುರುಗಾ ಮಾಡಿಬಿಟ್ಟ."

ತಿನ್ನೋದು ಯಾವಾಗ?

ಮೊದಲ ದಿನ ಗೆಣಸಿಗೆ ನೀರು ಜಾಸ್ತಿ ಇಟ್ಟು ಕುಕ್ಕರ್ ಕೂಗಿಸಿಬಿಟ್ಟೆ. ಮುಚ್ಚಳ ತೆಗೆದ್ರೆ ಗೆಣಸು ಗಂಜಿಯಾಗಿತ್ತು. ಅದಕ್ಕೆ ಹಿಟ್ಟು ಹಾಕ್ತಾ ಹೋದೆ, ಅದು ಹೀರ್ತಾ ಹೋಯ್ತು. ಆ ಹೆಂಗಸಿನದು ಅದೇನೋ ಅಂಟು ಬರೋ ಅಕ್ಕಿಯ ಹಿಟ್ಟಂತೆ, ನಮ್ಮದು ಸೊಸೈಟಿ ಅಕ್ಕಿಯ ಹಿಟ್ಟು. ಅಂಟೂ ಬರಲಿಲ್ಲ, ಗಂಟೂ ಬಿಡಲಿಲ್ಲ. ಕಾವಲಿ ಮೇಲೆ ಹಾಕಿದ್ದು ತಿರುವಿ ಹಾಕಾಕೆ ಹೋದ್ರೆ ಅರ್ಧ ಸಟ್ಟುಗದ ಮೇಲೆ, ಅರ್ಧ ಕಾವಲಿ ಮೇಲೆ. ನನ್ನ ಗಂಡ ಅದನ್ನ ಚಮಚದಲ್ಲಿ ತಿಂದು, "ಹಲ್ವಾ ಪರವಾಗಿಲ್ಲ" ಅಂದು ಅಂಗಡಿಗೆ ಹೋದ್ರು.

ಮರುದಿನ ಬುದ್ಧಿ ಬಂತು. ಇಡ್ಲಿ ಪಾತ್ರೇಲಿ ಹಬೆಗೆ ಇಟ್ಟು ಬೇಯಿಸಿದೆ, ಆರಿಸಿದೆ, ಹಿಟ್ಟು ಕಮ್ಮಿ ಹಾಕಿದೆ. ರೊಟ್ಟಿ ಕಾವಲಿಯಿಂದ ಎದ್ದು ಬಂದವು ನೋಡ್ರಿ! ಗುಂಡಗೆ, ಮೆತ್ತಗೆ, ಅಂಚು ಮಾತ್ರ ಗರಿಗರಿ. ಬ್ಲೌಸ್ ಕಟಿಂಗ್ ಮಾಡೋ ಕೈ ಅಲ್ವಾ, ಒಂದಕ್ಕೊಂದು ಅಳತೆ ಹಚ್ಚಿದಂಗೆ ಬಂದವು. ತಟ್ಟೇಲಿ ಹಾಕ್ಕೊಂಡು ಹೋಗಿ ಅತ್ತೆ ಮುಂದಿಟ್ಟೆ.

ಅವರು ಮುಟ್ಟಲಿಲ್ಲ. "ಇವತ್ತು ಶಿವರಾತ್ರಿನಾ?"

"ಅಲ್ಲ ಅತ್ತೆ."

"ಏಕಾದಶಿನಾ?"

"ಅಲ್ಲ."

"ಮತ್ತೆ ಗೆಣಸು ಯಾಕೆ? ಗೆಣಸು ಉಪವಾಸಕ್ಕೆ ತಿನ್ನೋದು. ಹೊಟ್ಟೆ ತುಂಬ ಉಂಡು ಅದರ ಮೇಲೆ ಗೆಣಸು ತಿಂದ್ರೆ ದೇವರು ಏನಂತ ತಿಳ್ಕೋತಾನೆ?"

"ಆಯ್ತು, ಹಂಗಾದ್ರೆ ಬರೋ ಏಕಾದಶಿಗೆ ಮಾಡ್ತೀನಿ."

"ಅಕ್ಕಿಹಿಟ್ಟು ಹಾಕೀಯಲ್ಲ, ಏಕಾದಶಿಗೆ ಅಕ್ಕಿ ಮುಟ್ತಾರೇನೇ? ನಿಮ್ಮ ತವರುಮನೇಲಿ ಇಷ್ಟೂ ಹೇಳಿಕೊಡಲಿಲ್ವಾ?"

ನನಗೆ ರೇಗಿತು. "ಉಪವಾಸದ ದಿನ ಹಿಟ್ಟು ಬರಲ್ಲ ಅಂತೀರಿ. ಊಟದ ದಿನ ಗೆಣಸು ಬರಲ್ಲ ಅಂತೀರಿ. ಹಂಗಾದ್ರೆ ಇದನ್ನ ತಿನ್ನೋದು ಯಾವಾಗ ಅತ್ತೆ?"

ಅತ್ತೆ ಕಾಲು ನೀಡಿ ಆರಾಮಾಗಿ ಕೂತ್ರು. "ಕೊರಿಯಾಕ್ಕೆ ಹೋದಾಗ."

ಹಂಗಂದವರು, ನಾನು ಗಿರಾಕಿ ಜೊತೆ ಮಾತಾಡಿ ಬರೋದ್ರೊಳಗೆ ತಟ್ಟೆ ಖಾಲಿ ಮಾಡಿದ್ರು. ಕೇಳಿದ್ರೆ, "ಎಸೆದ್ರೆ ಅನ್ನಕ್ಕೆ ಅವಮಾನ ಅಂತ ತಿಂದೆ. ಉಪ್ಪು ಕಮ್ಮಿ ಇತ್ತು" ಅಂದ್ರು.

ಅಡುಗೆಮನೆಗೆ ಹೋದ ಕತ್ತರಿ

ಆ ವಿಡಿಯೋದಲ್ಲಿ ಇನ್ನೊಂದು ವಿಚಿತ್ರ ಇತ್ತು. ಕೊರಿಯಾದವರು ರೊಟ್ಟಿನ ಕೈಯಲ್ಲಿ ಮುರಿಯಲ್ಲ, ಕತ್ತರೀಲಿ ಕತ್ತರಿಸ್ತಾರೆ. ನನಗೆ ಅದನ್ನ ನೋಡಿ ಎಲ್ಲಿಲ್ಲದ ಖುಷಿ. ಜಗತ್ತಿನಲ್ಲಿ ಯಾರೋ ಒಬ್ಬರು ಅಡುಗೆಮನೇಲಿ ನನ್ನ ಆಯುಧ ಹಿಡಿದಿದ್ದಾರಲ್ಲ!

ಬಟ್ಟೆ ಕತ್ತರೀನ ಬೇರೆ ಯಾವುದಕ್ಕೂ ಮುಟ್ಟಿಸೋ ಹಂಗಿಲ್ಲ. ನನ್ನ ಕತ್ತರೀಲಿ ಯಾರಾದ್ರೂ ಪೇಪರ್ ಕತ್ತರಿಸಿದ್ರೆ ನಾನು ಅವರ ಜೊತೆ ಮಾತು ಬಿಡ್ತೀನಿ. ಅದಕ್ಕೆ ಪಾತ್ರೆ ಅಂಗಡೀಲಿ ಹೊಸ ಕತ್ತರಿ ತಂದೆ. ಅತ್ತೆ ಅದನ್ನ ನೋಡಿದ್ದೇ ಎದೆ ಮೇಲೆ ಕೈ ಇಟ್ಕೊಂಡ್ರು. "ಕತ್ತರಿ ಸುಮ್ನೆ ಆಡಿಸಿದ್ರೇನೇ ಮನೇಲಿ ಜಗಳ ಆಗ್ತೈತೆ ಅಂತಾರೆ. ನೀನು ಅನ್ನ ಬೇಯೋ ಜಾಗಕ್ಕೇ ಒಯ್ದೆಯಾ? ಬ್ಯಾಡ ನೋಡು."

ನಾನು ಕೇಳಲಿಲ್ಲ. ಕಚ ಕಚ ಅಂತ ಕತ್ತರಿಸಿ, ನನ್ನ ಗಂಡನಿಗೆ ತಟ್ಟೇಲಿ ಹಾಕಿಕೊಟ್ಟೆ. ಅವರು ಇನ್ನೂ ಚಿಕ್ಕ ಚೂರು ಬೇಕು ಅಂತ ಕತ್ತರೀನೂ ಈಸ್ಕೊಂಡ್ರು. ತಿಂದಾದ ಮೇಲೆ ತಟ್ಟೆ ತೊಳೆಯೋ ಕಡೆ ಇಟ್ರು, ಕತ್ತರಿ ನನ್ನ ಕಟಿಂಗ್ ಟೇಬಲ್ ಮೇಲೆ ಇಟ್ರು. ಕತ್ತರಿ ಜಾಗ ಅದೇ ಅಲ್ವಾ ಅಂತ ಅವರ ಲೆಕ್ಕ.

ಆಗ ನ್ಯಾಮತಿಯ ಒಬ್ಬರು ಟೀಚರ್ ಬಂದು ಕೂತಿದ್ರು. ಅವರ ರೇಷ್ಮೆ ಬ್ಲೌಸ್ ಪೀಸ್ ಟೇಬಲ್ ಮೇಲೆ ಹಾಸಿತ್ತು. ಮಾತಿನ ಭರದಲ್ಲಿ ಕೈಗೆ ಸಿಕ್ಕ ಕತ್ತರಿ ಎತ್ತಿ ಬೆನ್ನಿನ ಭಾಗಕ್ಕೆ ಇಟ್ಟೆ. ಕತ್ತರಿಸುವ ಮೊದಲೇ ಕಂಡಿತು, ಬೆನ್ನಿನ ನಟ್ಟನಡುವೆ ಎಣ್ಣೆ ಕಲೆ, ಅದಕ್ಕೆ ಅಂಟಿಕೊಂಡ ಒಂದು ಗೆಣಸಿನ ಚೂರು. ಟೀಚರ್ ಅತ್ತೆ ಜೊತೆ ಮಾತಾಡ್ತಿದ್ರು, ನೋಡಲಿಲ್ಲ. ರೇಷ್ಮೆ ಮೇಲಿನ ಎಣ್ಣೆ ತೊಳೆದ್ರೆ ಹೋಗಲ್ಲ. ಕಲೆ ಇದ್ದ ಜಾಗಾನೇ ಗುಂಡಗೆ ಕತ್ತರಿಸಿ ತೆಗೆದೆ, ಸುತ್ತ ಚಿನ್ನದ ಬಣ್ಣದ ಪೈಪಿಂಗ್ ಕೊಟ್ಟು, ಬೆನ್ನಿಗೊಂದು ಕಿಟಕಿ ಇಟ್ಟುಬಿಟ್ಟೆ.

ವಾರ ಬಿಟ್ಟು ಟೀಚರ್ ಬ್ಲೌಸ್ ಒಯ್ಯಾಕೆ ಬಂದು, ಹಾಕ್ಕೊಂಡು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿದ್ರು. "ಎಷ್ಟು ಚೆನ್ನಾಗೈತ್ರೀ! ಈ ಡಿಸೈನಿಗೆ ಏನಂತಾರೆ?"

"ಕೊರಿಯನ್ ಬ್ಯಾಕ್" ಅಂದೆ.

ಆಮೇಲೆ ಅವರ ಶಾಲೆಯ ಟೀಚರುಗಳೆಲ್ಲ ಒಬ್ಬೊಬ್ಬರಾಗಿ ಕೊರಿಯನ್ ಬ್ಯಾಕಿಗೆ ಬಟ್ಟೆ ತಂದ್ರು. ನಾನು ಖುಷಿ ತಡೀಲಾರದೆ, ಅವರ ಎದುರಿಗೇ ಅತ್ತೆಗೆ ಅಂದೆ: "ನೋಡಿದ್ರಾ ಅತ್ತೆ, ಕತ್ತರಿ ಅಡುಗೆಮನೆಗೆ ಹೋದ್ರೆ ಜಗಳ ಅಂದ್ರಿ. ಗಿರಾಕಿ ಬಂದ್ರು!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಗಿರಾಕಿಗಳು ಹೋದ ಮೇಲೆ ಶುರುವಾಯ್ತು. ಮಂದಿ ಮುಂದೆ ನನ್ನ ಮರ್ಯಾದೆ ತೆಗೆದೆ ಅಂದ್ರು ಅವರು. ನೀವು ದಿನಾ ನನ್ನ ಮರ್ಯಾದೆ ತೆಗೀತೀರಲ್ಲ ಅಂದೆ ನಾನು. ಕತ್ತರಿಯಿಂದ ಹೊರಟ ಮಾತು ಉಪ್ಪಿಗೆ ಬಂತು, ಉಪ್ಪಿನಿಂದ ನನ್ನ ಮದುವೇಲಿ ನಮ್ಮ ಕಡೆಯವರು ಬಡಿಸಿದ ಸಾರಿಗೆ ಹೋಯ್ತು. ಅತ್ತೆ ಮಗಳಿಗೆ ಫೋನ್ ಹಚ್ಚಿದ್ರು. ನನ್ನ ನಾದಿನಿ ಇರೋದು ಚನ್ನಗಿರೀಲಿ. "ನಾಳೆ ಬರ್ತೀನಿ. ಇನ್ನು ಅಲ್ಲೇ ಇರ್ತೀನಿ" ಅಂದುಬಿಟ್ರು.

ಬೆಳಿಗ್ಗೆ ಬಸ್ ಹತ್ತಿಸಾಕೆ ನಾನೂ ನನ್ನ ಗಂಡಾನೂ ಹೋದ್ವಿ. ಮುಖ ಗಂಟು ಹಾಕ್ಕೊಂಡು ಹತ್ತಿದವರು, ಕಿಟಕಿ ಪಕ್ಕ ಕೂತ ಮೇಲೆ ನನ್ನ ನೋಡಿ ಅಂದ್ರು: "ಕತ್ತರಿ ಅಡುಗೆಮನೆಗೆ ಹೋದ್ರೆ ಜಗಳ ಆಗ್ತೈತೆ ಅಂದಿದ್ದೆ. ಆಯ್ತೋ ಇಲ್ವೋ?"

ಆವಾಗ ಅವರ ಮುಖದ ಮೇಲಿದ್ದ ಸಮಾಧಾನ ನೋಡಬೇಕಿತ್ತು ನೀವು.

ಡಬ್ಬಿ ತುಂಬ ಉಪ್ಪು

ಅತ್ತೆ ಹೋದ ಮೇಲೆ ಮನೇಲಿ ಗಾಳಿ ಓಡಾಡೋದು ಕೇಳಿಸ್ತಿತ್ತು. ನಾನೇನು ಮುಚ್ಚುಮರೆ ಮಾಡಲ್ಲ, ನನಗೆ ಅವರಿಲ್ಲದೆ ಕೈ ಓಡಲಿಲ್ಲ. ಆ ಕುರ್ಚಿ ಕಡೆ ತಿರುಗಿ ಏನೋ ಹೇಳಾಕೆ ಹೋಗ್ತಿದ್ದೆ, ಕುರ್ಚಿ ಸುಮ್ನಿರ್ತಿತ್ತು. ಒಂದು ಬ್ಲೌಸಿಗೆ ಎರಡೂ ಬಲಗೈ ತೋಳೇ ಹಚ್ಚಿದೆ. ಬೈಯೋರೂ ಇಲ್ಲ. "ಫೋನ್ ಮಾಡಿ ಬನ್ರಿ ಅಂತ ಕರಿ" ಅಂದ್ರು ನನ್ನ ಗಂಡ. ನಾನು ಕರೀತೀನಾ? ಹೋದೋರು ಅವರು. ಅವರೇ ಬರಲಿ ಅಂದೆ. ಅಲ್ಲಿ ಅವರೂ ಹಂಗೇ ಅಂತಿದ್ರಂತೆ, "ಅವಳೇ ಕರೀಲಿ."

ಕರೆಯಾಕೆ ಬಾಯಿ ಬರಲಿಲ್ಲ, ಕಳಿಸಾಕೆ ಕೈ ಬಂತು. ಗೆಣಸಿನ ರೊಟ್ಟಿ ಮಾಡಿ ಸ್ಟೀಲ್ ಡಬ್ಬೀಲಿ ತುಂಬಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ನಮ್ಮ ಕಡೆ ಇದು ಮಾಮೂಲಿ. ಬಸವಾಪಟ್ಟಣದ ಮೇಲೆ ಹಾದು ಚನ್ನಗಿರಿ ಮುಟ್ತೈತೆ, ನಾದಿನಿ ಬಸ್ ಸ್ಟ್ಯಾಂಡಿಗೆ ಬಂದು ಈಸ್ಕೋತಾಳೆ. ಸಂಜೆ ಅದೇ ಬಸ್ಸಿಗೆ ಡಬ್ಬಿ ವಾಪಸ್ ಬರ್ತೈತೆ. ಖಾಲಿ ಬರಲ್ಲ. ಬಂದ ಡಬ್ಬೀನ ಖಾಲಿ ಕಳಿಸಿದ್ರೆ ಸಂಬಂಧ ಸಾಕು ಅಂದಂಗೆ. ಎರಡು ನಿಂಬೆಹಣ್ಣೋ, ಒಂದು ಹಿಡಿ ಶೇಂಗಾವೋ, ಏನಾದ್ರೂ ಹಾಕೇ ಕಳಿಸ್ತಾರೆ.

ಸಂಜೆ ಡಬ್ಬಿ ಬಂತು. ಎತ್ತಿದ್ರೆ ಭಾರ! ಅತ್ತೆ ಕೋಪ ಇಳೀತು, ಏನೋ ಸಿಹಿ ಕಳಿಸ್ಯಾರೆ ಅಂತ ಓಡಿಬಂದು ಮುಚ್ಚಳ ತೆಗೆದೆ. ಡಬ್ಬಿ ತುಂಬ ಉಪ್ಪು!

ನಾದಿನಿಗೆ ಫೋನ್ ಮಾಡಿದೆ. ಅವಳು ನಕ್ಕೂ ನಕ್ಕೂ ಸುಸ್ತಾಗಿದ್ಲು. "ರೊಟ್ಟೀಲಿ ಉಪ್ಪು ಕಮ್ಮಿ ಅಂತ ಹೇಳಾಕೆ ಕಳಿಸಿದ್ದು ಅತ್ತಿಗೆ. ಅವ್ವನೇ ತುಂಬಿದ್ಲು."

"ಉಪ್ಪು ಕೈಯಿಂದ ಕೈಗೆ ಕೊಟ್ರೆ ಜಗಳ ಅಂತಾರಲ್ಲ ನಿಮ್ಮವ್ವ?"

"ನಾನೂ ಅದನ್ನೇ ಕೇಳಿದೆ. ಕೈಗೆ ಕೊಟ್ರೆ ಜಗಳ, ಬಸ್ಸಿಗೆ ಕೊಟ್ರೆ ಏನೂ ಆಗಲ್ಲ ಅಂದ್ಲು."

ಮರುದಿನ ಬೇಕಂತ ಉಪ್ಪು ಜಾಸ್ತಿ ಹಾಕಿ ಕಳಿಸಿದೆ. ಸಂಜೆ ಡಬ್ಬಿ ತುಂಬ ಬೆಲ್ಲ ಬಂತು. ಹಿಂಗೇ ನಡೀತು. ಫೋನಿನಲ್ಲಿ ಅತ್ತೆ ಸೊಸೆ ಮಾತಿಲ್ಲ, ಡಬ್ಬೀಲಿ ಮಾತ್ರ ದಿನಾ ಮಾತು. ನಡುವೆ ನಾದಿನಿ, "ಅದನ್ನ ಹೆಂಗೆ ಮಾಡ್ತೀಯ ಅತ್ತಿಗೆ?" ಅಂತ ಕೇಳಿದ್ಲು. ಹಬೆಗೆ ಇಡೋದರಿಂದ ಹಿಡಿದು ಎಲ್ಲಾ ಹೇಳಿಕೊಟ್ಟೆ.

ಕಂಡಕ್ಟರ್ ಒಂದು ದಿನ ತಲೆ ಕೆರೆದುಕೊಂಡ. "ಅಕ್ಕಾ, ಈ ಡಬ್ಬಿ ಹೆಣ್ಣೋ ಗಂಡೋ ಹೇಳ್ರಿ."

"ಯಾಕೋ?"

"ಹೆಣ್ಣಾದ್ರೆ ದಿನಾ ಓಡಾಡಾಕೆ ಟಿಕೆಟ್ ಬ್ಯಾಡ."

ರಾಯಭಾರಿ

ಇದರ ನಡುವೆ ಅತ್ತೆಯ ತಮ್ಮ, ಅಂದ್ರೆ ನನ್ನ ಗಂಡನ ಸೋದರಮಾವ, ಜಗಳೂರಿನಿಂದ ಅಕ್ಕನ್ನ ನೋಡಾಕೆ ಹೊನ್ನಾಳಿಗೆ ಬಂದ್ರು. ಅಕ್ಕ ಇಲ್ಲ ಅಂತ ಅವರಿಗೆ ಗೊತ್ತಿರಲಿಲ್ಲ. ಬಿಸಿ ಬಿಸಿ ಗೆಣಸಿನ ರೊಟ್ಟಿ ಇಟ್ಟೆ. ಒಂದಾದ ಮೇಲೊಂದು ಸದ್ದಿಲ್ಲದೆ ತಿಂದ್ರು. ಡಬ್ಬಿಗೆ ಅಂತ ಇಟ್ಟಿದ್ದೂ ಹೋಯ್ತು. ತಟ್ಟೆ ಖಾಲಿ ಮಾಡಿ, ನೀರು ಕುಡಿದು, "ಹೂಂ ಕಣಮ್ಮ, ಇನ್ನು ಊಟಕ್ಕೆ ಬಡಿಸು" ಅಂದ್ರು.

ಮುದ್ದೆ ಉಂಡ ಮೇಲೆ ನಾನು ಕಥೆಯೆಲ್ಲ ಹೇಳಿದೆ. ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತು. ಮಾವ ಮೀಸೆ ಸವರಿದ್ರು. "ನೀನು ಅಳಬ್ಯಾಡಮ್ಮ. ನಮ್ಮಕ್ಕ ನನ್ನ ಮಾತು ತೆಗೆದುಹಾಕಲ್ಲ. ಇವತ್ತೇ ಚನ್ನಗಿರಿಗೆ ಹೋಗ್ತೀನಿ, ನಾಳೆ ಕರ್ಕೊಂಡೇ ಬರ್ತೀನಿ."

ನಾನು ಮನೆ ಗುಡಿಸಿ, ಕುರ್ಚಿ ಒರೆಸಿ ಇಟ್ಟೆ. ಮರುದಿನ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಕೊನೆಗೆ ನಾನೇ ಫೋನ್ ಮಾಡಿದೆ. "ಮಾವ, ಏನಾಯ್ತ್ರಿ?"

ಮಾವ ದನಿ ತಗ್ಗಿಸಿದ್ರು. "ಹೇಳಿದೆ ಕಣಮ್ಮ, ಎಲ್ಲಾ ಹೇಳಿದೆ. ಆದ್ರೆ ನಿನ್ನ ನಾದಿನಿ ಅಡುಗೆ ಭಾಳ ರುಚಿ. ನಾನೂ ನಾಲ್ಕು ದಿನ ಇದ್ದು ಬರ್ತೀನಿ."

ಮೊದಲ ಹೊಗಳಿಕೆ

ಮಾವ ಜಗಳೂರಿಗೆ ವಾಪಸ್ ಹೋದ ವಾರ, ಒಂದು ದಿನ ನಾದಿನಿ ಫೋನ್ ಬಂತು. ದನೀಲಿ ಆಶ್ಚರ್ಯ. "ಅತ್ತಿಗೆ, ಇವತ್ತು ಏನು ಕಳಿಸಿದ್ದೆ? ಅವ್ವ ತಿಂದು, 'ಭಾಳ ಚೆನ್ನಾಗೈತೆ, ದಿನಾ ಇಂಥದ್ದೇ ಕಳಿಸಾಕೆ ಹೇಳು' ಅಂದ್ಲು!"

ನಾನು ಮಿಷನ್ ನಿಲ್ಲಿಸಿದೆ. ಮತ್ತೊಂದು ಸಲ ಹೇಳಿಸಿದೆ. ಸ್ಪೀಕರಿಗೆ ಹಾಕಿ ನನ್ನ ಗಂಡನಿಗೂ ಕೇಳಿಸಿದೆ. ಸೊಸೆಯಾಗಿ ಬಂದಾಗಿಂದ ಕಾದ ಮಾತು! ಆವತ್ತು ಬಂದ ಗಿರಾಕಿಗೆಲ್ಲ ಹುಕ್ಕು ಪುಕ್ಕಟೆ ಹಚ್ಚಿಕೊಟ್ಟೆ. ಆವತ್ತಿನ ಗೆಣಸು ಸಂತೇಬೆನ್ನೂರು ಸಂತೆಯದು, ಅದಕ್ಕೇ ರುಚಿ ಬಂದೈತೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದೆ.

ಮರುದಿನ ಡಬ್ಬಿ ಕೊಡಾಕೆ ಹೋದ್ರೆ ಕಂಡಕ್ಟರ್ ನನ್ನ ಮುಖ ನೋಡವಲ್ಲ.

"ಏನೋ ಆಯ್ತು?"

"ಅಕ್ಕಾ, ಬೈಯಬ್ಯಾಡ್ರಿ. ನಿನ್ನೆ ಬಸವಾಪಟ್ಟಣದ ಹತ್ರ ಬಸ್ ಪಂಕ್ಚರ್ ಆಯ್ತು. ಸ್ಟೆಪ್ನೀನೂ ಸರಿ ಇರಲಿಲ್ಲ. ಹಸಿವು ತಡೀಲಾರದೆ ನಾನೂ ಡ್ರೈವರಣ್ಣನೂ ಒಂದೊಂದು ತಿಂದ್ವಿ. ಆಮೇಲೆ... ಭಾಳ ಚೆನ್ನಾಗಿದ್ವು ಅಕ್ಕಾ."

"ಎಲ್ಲಾ ತಿಂದ್ರಾ?"

"ಖಾಲಿ ಡಬ್ಬಿ ಕೊಡಬಾರದಲ್ವಾ ಅಂತ, ಬಸವಾಪಟ್ಟಣದಲ್ಲಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕಟ್ಟಿಸಿ ಅದಕ್ಕೆ ತುಂಬಿದೆ."

ನಾನು ಅಲ್ಲೇ ಕಟ್ಟೆ ಮೇಲೆ ಕೂತೆ. ಅತ್ತೆ ನನ್ನ ಡಬ್ಬಿಯಿಂದ ತಿಂದು ಮೊದಲ ಸಲ ಹೊಗಳಿದ್ದು ಬಸವಾಪಟ್ಟಣದ ಬಜ್ಜೀನ.

ಖಾಲಿ ಡಬ್ಬಿ

ಆ ಬಜ್ಜಿ ನನ್ನ ಸೊಕ್ಕನ್ನೆಲ್ಲ ಇಳಿಸಿತು. ಹೊಗಳಿಕೆ ಹಾಳಾಗಿ ಹೋಗಲಿ, ಅವರು ಬಂದ್ರೆ ಸಾಕು ಅನ್ನಿಸಿತು. ಮರುದಿನ ಬೆಳಿಗ್ಗೆ ಬೇಗ ಎದ್ದು, ಒಂದೊಂದು ರೊಟ್ಟೀನೂ ನೋಡಿ ನೋಡಿ ಬೇಯಿಸಿದೆ. ಕತ್ತರಿ ಮುಟ್ಟಲಿಲ್ಲ. ಡಬ್ಬಿ ಕೊಡುವಾಗ ಕಂಡಕ್ಟರಿಗೆ ಹೇಳಿದೆ: "ನೋಡಪ್ಪ, ಇವತ್ತಿನದಕ್ಕೆ ಕೈ ಹಾಕಬ್ಯಾಡ. ನಿಮ್ಮಿಬ್ಬರಿಗೆ ಬೇರೆ ಕಟ್ಟೀನಿ, ತಗೋ. ಡಬ್ಬಿ ಕೊಟ್ಟು, 'ಮನೇಲಿ ನೀವಿಲ್ಲದೆ ಆಗವಲ್ದಂತೆ, ಬರಬೇಕಂತೆ' ಅಂತ ನಮ್ಮತ್ತೆಗೆ ತಿಳಿಸಾಕೆ ನಾದಿನಿಗೆ ಹೇಳು."

ಇಡೀ ದಿನ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಸಂಜೆ ಬಸ್ ಬರೋ ಮೊದಲೇ ಸ್ಟ್ಯಾಂಡಿಗೆ ಹೋಗಿ ನಿಂತೆ. ಬಸ್ ಬಂತು. ಕಂಡಕ್ಟರ್ ಮುಂದಿನ ಬಾಗಿಲಿಂದ ಇಳಿದು ಡಬ್ಬಿ ಕೊಟ್ಟ. ಹಗುರ. ಅಲ್ಲಾಡಿಸಿದೆ, ಸದ್ದಿಲ್ಲ. ಮುಚ್ಚಳ ತೆಗೆದೆ. ತೊಳೆದು ಒರೆಸಿದ ಖಾಲಿ ಡಬ್ಬಿ.

ನಾನಾಗೇ ಸೋತು ಕರೆದ ದಿನವೇ ಡಬ್ಬಿ ಖಾಲಿ ಬಂತಲ್ಲ! ಸಂಬಂಧ ಸಾಕು ಅಂದ್ರಾ? ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಸಿಟ್ಟೆಲ್ಲ ಆ ಪಾಪದ ಕಂಡಕ್ಟರ್ ಮೇಲೆ ಹೋಯ್ತು.

"ಯಾರೋ ತಿಂದ್ರು ಇದರಲ್ಲಿದ್ದದ್ದು? ನಿಮ್ಮ ಹೊಟ್ಟೆ ಏನು ಹೊಟ್ಟೆನೋ, ಕಾಳು ತುಂಬೋ ಹಗೇವೋ? ನಮ್ಮತ್ತೆ ಖಾಲಿ ಡಬ್ಬಿ ಕಳಿಸೋ ಹೆಂಗಸಲ್ಲ. ಉಪ್ಪನ್ನಾದ್ರೂ ಹಾಕಿ ಕಳಿಸ್ತಾರೆ ಅವರು! ಹೇಳೋ, ಏನು ತಿಂದೆ?"

"ಅಕ್ಕಾ, ನಾನಲ್ಲ! ದೇವರಾಣೆ ನಾನಲ್ಲ! ಸ್ವಲ್ಪ ಹಿಂದಕ್ಕೆ ನೋಡ್ರಿ!"

ಹಿಂದಿನ ಬಾಗಿಲಿಂದ ದನಿ ಬಂತು. "ಇಳಿಯಾಕೆ ಕೈ ಕೊಡ್ತೀಯೋ, ಹೊನ್ನಾಳಿಗೆಲ್ಲ ಕೇಳಂಗೆ ಬೈಕೊಂಡೇ ನಿಂದ್ರತೀಯೋ?"

ಅತ್ತೆ! ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ. ನಾನು ಓಡಿಹೋಗಿ ಇಳಿಸಿಕೊಂಡೆ. ಬಾಯಿಗೆ ಬಂದದ್ದು ಒಂದೇ ಮಾತು. "ಡಬ್ಬಿ ಯಾಕೆ ಖಾಲಿ ಕಳಿಸಿದ್ರಿ ಅತ್ತೆ? ನನ್ನ ಜೀವ ಹೋಗಿತ್ತು."

"ಖಾಲಿ ಎಲ್ಲೈತೆ? ಜೊತೆಗೆ ನಾನು ಬಂದಿಲ್ವೇನು? ಅದರೊಳಗೇ ಕೂತು ಬಾ ಅಂದ್ರೆ ನಾನು ಹಿಡಿಯಲ್ಲ."

ಬಸ್ ಸ್ಟ್ಯಾಂಡ್ ಅಂತಾನೂ ನೋಡದೆ ಅವರನ್ನ ತಬ್ಬಿಕೊಂಡು ಅತ್ತುಬಿಟ್ಟೆ. ಅವರೂ ಮೂಗು ಒರೆಸಿಕೊಂಡ್ರು. ಕೇಳಿದ್ರೆ ಡೀಸೆಲ್ ಹೊಗೆ ಅಂದ್ರು.

ಮನೆಗೆ ಬಂದು ಕುರ್ಚೀಲಿ ಕೂತು, ನೀರು ಕುಡಿದು, ಸುತ್ತ ನೋಡಿ, ಮೂಲೇಲಿ ಧೂಳು ಐತೆ ಅಂದ್ರು. ನನಗೆ ಹಬ್ಬ ಬಂದಂಗಾಯ್ತು. ಬಿಸಿ ರೊಟ್ಟಿ ಮಾಡಿ ತಟ್ಟೇಲಿ ತಂದಿಟ್ಟೆ. ಅತ್ತೆ ಮುರಿದು ಬಾಯಿಗೆ ಹಾಕ್ಕೊಂಡ್ರು.

"ನಿನ್ನ ನಾದಿನಿನೂ ಇದನ್ನ ಮಾಡಾಕೆ ಕಲಿತಳು" ಅಂದ್ರು. "ನೀನೇ ಹೇಳಿಕೊಟ್ಟೆಯಂತೆ. ದಿನಾ ಮಾಡ್ತಿದ್ಲು. ನಿಂದಕ್ಕಿಂತ ಎಷ್ಟೋ ಚೆನ್ನಾಗಿ ಮಾಡ್ತಾಳೆ. ಉಪ್ಪು ಸರಿ, ಸಿಹಿ ಸರಿ, ಬೆಂದಿರೋದು ಸರಿ. ಒಂದು ಮಾತು ಆಡೋ ಹಂಗಿಲ್ಲ."

ನನ್ನ ಹೊಟ್ಟೆ ಉರೀತು. "ಅಷ್ಟು ಚೆನ್ನಾಗಿದ್ರೆ ಅಲ್ಲೇ ಇರಬೇಕಿತ್ತು. ಇಲ್ಲಿಗೆ ಯಾಕೆ ಬಂದ್ರಿ?"

ಅತ್ತೆ ಇನ್ನೊಂದು ತುಂಡು ಮುರಿದು, ನನ್ನ ಕಡೆ ನೋಡಿ ನಕ್ಕರು. ಸೊಸೆಯಾಗಿ ಬಂದಾಗಿಂದ ನಾನು ಆ ನಗು ನೋಡಿರಲಿಲ್ಲ.

"ಎಲ್ಲಾ ಸರಿ ಇದ್ದ ಮನೇಲಿ ಬೈಯಾಕೆ ಏನಿರ್ತೈತೆ ಹೇಳು? ನನಗೆ ಹೊತ್ತೇ ಹೋಗವಲ್ದು."

ಈಗಲೂ ನಮ್ಮ ಮನೇಲಿ ಶಿವರಾತ್ರಿ, ಏಕಾದಶಿ ಬಿಟ್ಟು ಉಳಿದ ದಿನವೆಲ್ಲ ಗೆಣಸಿನ ರೊಟ್ಟಿ ಆಗ್ತೈತೆ. ನನಗೀಗ ಅಳತೆ ಎಲ್ಲಾ ಕರಾರುವಾಕ್ಕಾಗಿ ಬರ್ತೈತೆ. ಆದ್ರೂ ಉಪ್ಪು ಮಾತ್ರ ಒಂದು ಚಿಟಿಕೆ ಕಮ್ಮಿನೇ ಹಾಕ್ತೀನಿ.